ನಾನು ಮಾಡದ ಪ್ರಯಾಣ

ಜಪಾನಿನಲ್ಲಿ ಏಳು ವರ್ಷ ಸಂಸಾರ ಮಾಡಿದ ಮೇಲೆ ನನ್ನ ಸಿಟ್ಟುಗಳ ಪಟ್ಟಿ ಸಾಕಷ್ಟು ಉದ್ದವಾಗಿದೆ. ಇಂಡಿಯಾದವರಿಗೆಲ್ಲ ಎರಡಂಕಿಯ ಮಗ್ಗಿ ಬಾಯಿಪಾಠ ಬರುತ್ತದೆ ಎಂದು ಇಲ್ಲಿನವರು ಗಟ್ಟಿಯಾಗಿ ನಂಬಿದ್ದಾರೆ. ನಾನು ಹದಿನಾರರ ಮಗ್ಗಿಯಲ್ಲೇ ತಡವರಿಸುತ್ತೇನೆ. ನಾವು ಮೂರು ಹೊತ್ತೂ ಕರಿ ಮತ್ತು ನಾನ್ ತಿನ್ನುತ್ತೇವಂತೆ. ಮುದ್ದೆ ಬಸ್ಸಾರಿನ ಮನೆಯಲ್ಲಿ ಬೆಳೆದವಳಿಗೆ ಆ ರೊಟ್ಟಿಯ ದರ್ಶನವಾದದ್ದೇ ಕಾಲೇಜು ಸೇರಿದ ಮೇಲೆ. ಬೆಂಗಳೂರಿನವರೇನು ಕಮ್ಮಿಯಿಲ್ಲ. ನನ್ನ ಸೋದರತ್ತೆ ಫೋನ್ ಮಾಡಿದಾಗಲೆಲ್ಲ, "ಅಲ್ಲಿ ಹಾವು ಹಲ್ಲಿ ಎಲ್ಲಾ ತಿಂತಾರಂತಲ್ಲೇ, ಅಂಗಡೀಲಿ ನೋಡ್ಕೊಂಡು ತಗೊಳಮ್ಮ" ಎನ್ನುತ್ತಾರೆ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನ ಎರಡೂ ದೇಶದಲ್ಲಿದ್ದಾರೆ.

ಇವೆಲ್ಲಕ್ಕಿಂತ ಹೆಚ್ಚು ಮೈ ಉರಿಸುತ್ತಿದ್ದದ್ದು ಇನ್ನೊಂದು. ಯೋಕೋಹಾಮಾದಲ್ಲಿ ನನ್ನ ಮಗಳು ಹೋಗುತ್ತಿದ್ದ ಶಿಶುವಿಹಾರದಲ್ಲಿ ಇಂಡಿಯಾದ ತಾಯಂದಿರೆಂದರೆ ನಾವಿಬ್ಬರೇ, ನಾನು ಮತ್ತು ನನ್ನ ಗೆಳತಿ. ಅವಳು ಮೈಸೂರಿನವಳು. ಎತ್ತರ, ಕನ್ನಡಕ, ಭುಜಕ್ಕೆ ಕತ್ತರಿಸಿದ ಕೂದಲು. ನಾನು ಕುಳ್ಳಿ, ಕಪ್ಪು, ಬೆನ್ನ ಮೇಲೆ ಉದ್ದ ಜಡೆ. ಆದರೂ ಟೀಚರುಗಳು, ಉಳಿದ ತಾಯಂದಿರು ಎಲ್ಲರೂ ನನ್ನನ್ನು ಅವಳ ಹೆಸರಿನಿಂದ, ಅವಳನ್ನು ನನ್ನ ಹೆಸರಿನಿಂದ ಕರೆದು, ಕೊನೆಗೆ ಮರ್ಯಾದೆಯಾಗಿ ಒಂದು 'ಸಾನ್' ಸೇರಿಸುತ್ತಿದ್ದರು. ಕೊರೋನಾ ಬಂದು ಎಲ್ಲರ ಮೂಗಿನ ಮೇಲೂ ಮಾಸ್ಕ್ ಹತ್ತಿದ ಮೇಲಂತೂ ಕೇಳುವುದೇ ಬೇಡ. "ನಾಳೆ ನನ್ ಗಂಡನ್ನೂ ನಿಮ್ಮನೆಗೆ ಕಳಿಸ್ಬಿಡ್ತಾರೆ ನೋಡು" ಎಂದು ಅವಳು ಅಂದರೆ, "ಕಳಿಸ್ಲಿ ಬಿಡು, ಪಾತ್ರೆ ತೊಳೆಯೋದಾದ್ರೆ ಇಟ್ಕೋತೀನಿ" ಎಂದು ನಾನು ಅನ್ನುತ್ತಿದ್ದೆ. ಆ ಸಿಟ್ಟನ್ನು ಹೀಗೆ ಇಬ್ಬರೂ ನಕ್ಕು ಹಂಚಿಕೊಂಡಿದ್ದೆವು.

ಅವಳಿಗೆ ಜಪಾನೀಸ್ ನೀರು ಕುಡಿದಷ್ಟು ಸಲೀಸು. ನನ್ನದು ಸುಮಿಮಾಸೆನ್ ಅಂದರೆ ಕ್ಷಮಿಸಿ, ಅರಿಗಾತೋ ಅಂದರೆ ಥ್ಯಾಂಕ್ಸ್, ಬೀದಿ ಮೂಲೆಯ ಅಂಗಡಿಯಲ್ಲಿ ಚೀಲ ಬೇಡ ಅನ್ನುವಷ್ಟು. ಹಲ್ಲಿನ ಡಾಕ್ಟರ ಹತ್ತಿರ ಹೋಗಲಿ, ವಾರ್ಡ್ ಆಫೀಸಿಗೆ ಹೋಗಲಿ, ಫೋನನ್ನು ಸ್ಪೀಕರಿಗೆ ಹಾಕಿ ಮೇಜಿನ ಮೇಲಿಟ್ಟು ಅವಳನ್ನು ಕರೆಯುತ್ತಿದ್ದೆ. ಅವರು ಹೇಳಿದ್ದನ್ನು ಅವಳು ಕನ್ನಡದಲ್ಲಿ ನನಗೆ ಹೇಳುವಳು, ನಾನು ಹೇಳಿದ್ದನ್ನು ಅವರಿಗೆ. ಬದಲಿಗೆ ವಾರಕ್ಕೊಂದು ಡಬ್ಬ ಇಡ್ಲಿ ಹಿಟ್ಟು ನಮ್ಮ ಮನೆಯಿಂದ ಅವರ ಮನೆಗೆ ಹೋಗುತ್ತಿತ್ತು. ಅವಳು ಹೇಳಿದ್ದು ಸರಿಯೋ ತಪ್ಪೋ ಎಂದು ಒಂದು ದಿನವೂ ಯೋಚಿಸಿದವಳಲ್ಲ ನಾನು.

ಕೊರೋನಾದ ಎರಡನೆಯ ವರ್ಷ, ಚಳಿ ಮುಗಿಯುವ ಹೊತ್ತಿಗೆ, ಅವಳ ಅಪ್ಪನಿಗೆ ಬೆಂಗಳೂರಿನಲ್ಲಿ ಹೃದಯದ ಆಪರೇಷನ್ ಎಂದಾಯಿತು. ಮಗನನ್ನು ಗಂಡನ ಬಳಿ ಬಿಟ್ಟು ಒಬ್ಬಳೇ ಹೊರಟಳು. ನಾನು ಊರಿಗೆ ಹೋಗಿ ಆಗಲೇ ಎರಡು ವರ್ಷ ದಾಟಿತ್ತು. ಅಮ್ಮನ ಮುಖವನ್ನು ಮೊಬೈಲಿನಲ್ಲಿ ಮಾತ್ರ ನೋಡುತ್ತಿದ್ದೆ, ಅದೂ ಅರ್ಧ ಹಣೆ ಮತ್ತು ಸೀಲಿಂಗ್ ಫ್ಯಾನು. ಗೆಳತಿ ಅಪ್ಪನ ಆಸ್ಪತ್ರೆಯ ಓಡಾಟದ ನಡುವೆಯೂ ನನ್ನ ಅಮ್ಮನ ಮನೆ ಹುಡುಕಿಕೊಂಡು ಹೋದಳು. ಅಮ್ಮನನ್ನು ಆಟೋದಲ್ಲಿ ಕೂರಿಸಿಕೊಂಡು ಲಸಿಕೆಗೆ ಕರೆದೊಯ್ದು, ಅಮ್ಮನನ್ನು ನೆರಳಲ್ಲಿ ಕೂರಿಸಿ, ತಾನು ಮೂರು ಗಂಟೆ ಬಿಸಿಲಲ್ಲಿ ಸರದಿ ನಿಂತಳು. ಇದನ್ನು ನಾನು ಸಾಯುವವರೆಗೂ ಮರೆಯಬಾರದು. ಮರೆತಿಲ್ಲ ಕೂಡ. ತೊಂದರೆಯೇ ಅದು.

ಅವಳು ವಾಪಸ್ ಬರುವ ಹೊತ್ತಿಗೆ ಅಲ್ಲಿ ಸಾವಿನ ಸುದ್ದಿಗಳು, ಇಲ್ಲಿ ಟಿವಿಯಲ್ಲಿ ಬೆಳಗಿನಿಂದ ಸಂಜೆಯವರೆಗೆ 'ಇಂಡಿಯಾ ತಳಿ, ಇಂಡಿಯಾ ತಳಿ' ಎಂಬ ಮಾತು. ಲಿಫ್ಟಿನಲ್ಲಿ ನಾನು ಹತ್ತಿದರೆ ಒಳಗಿದ್ದವರು ಏನೋ ಮರೆತವರ ಹಾಗೆ ಇಳಿದುಹೋಗುತ್ತಿದ್ದರು. ಊರಿಂದ ಬಂದವರು ಹದಿನಾಲ್ಕು ದಿನ ಹೊರಗೆ ಕಾಲಿಡುವಂತಿರಲಿಲ್ಲ, ಹಾಗೆಂದು ವಿಮಾನ ನಿಲ್ದಾಣದಲ್ಲೇ ಸಹಿ ಹಾಕಿಸಿಕೊಳ್ಳುತ್ತಿದ್ದರು. ಮನೆಯಲ್ಲೇ ಇದ್ದಾರೋ ಇಲ್ಲವೋ ಎಂದು ಅವರ ಫೋನಿನ ಮೂಲಕ ಪತ್ತೆ ಹಚ್ಚುತ್ತಿದ್ದರು. ಅವಳು ಬಂದಿಳಿದ ಎಂಟನೆಯ ದಿನ ಬಾಗಿಲಿನ ಬೆಲ್ ಆಯಿತು. ಅವಳೇ, ಕೈಯಲ್ಲಿ ಅಮ್ಮ ಕಳಿಸಿದ ಚಟ್ನಿಪುಡಿ, ಹುಳಿಪುಡಿಯ ಚೀಲ.

"ಫೋನ್ ಮನೇಲಿದೆ ಕಣೇ. ಕ್ವಾರಂಟೈನ್ ಅದು ಮಾಡ್ತಿದೆ" ಎಂದು ನಕ್ಕಳು. ನಾನು ಏನು ಮಾಡಬೇಕಿತ್ತು? ಬಾಗಿಲಲ್ಲೇ ತಬ್ಬಿಕೊಂಡು ಅತ್ತೆ. ಅಮ್ಮ ಎಷ್ಟು ಸಣ್ಣಗಾಗಿದ್ದಾಳೆ, ಮಂಡಿ ನೋವು ಹೇಗಿದೆ, ಎಲ್ಲ ಕೇಳಿದೆ, ಕಾಫಿ ಕೊಟ್ಟೆ. ಮಾರನೆಯ ದಿನದಿಂದ ತನ್ನ ಗಂಡನಿಗೆ ಬೆಳಗ್ಗೆ ಮೀಟಿಂಗುಗಳಿವೆ ಎಂದು ಶಿಶುವಿಹಾರದ ಗೇಟಿಗೂ ಅವಳೇ ಮಗನನ್ನು ಬಿಡಲು ಬರತೊಡಗಿದಳು. ತಪ್ಪು ಎಂದು ನನಗೂ ಗೊತ್ತಿತ್ತು. ಯಾರಿಗೂ ಹೇಳಲಿಲ್ಲ, ಮನೆಯಲ್ಲಿ ಗಂಡನ ಹತ್ತಿರವೂ ಬಾಯಿ ಬಿಡಲಿಲ್ಲ.

ಆ ದಿನಗಳಲ್ಲಿ ನಮ್ಮ ಮನೆಯಲ್ಲಿ ಬೇರೊಂದು ಸಂಭ್ರಮವಿತ್ತು. ಶಿಶುವಿಹಾರದ ಕೊನೆಯ ವರ್ಷದ ಮಕ್ಕಳ ಆಟೋಟದ ದಿನ ಹತ್ತಿರ ಬಂದಿತ್ತು. ಶುರುವಿನಲ್ಲಿ ಒಂದು ಮಗು ಎಲ್ಲರ ಮುಂದೆ ನಿಂತು, ಇವತ್ತು ಕೊನೆಯವರೆಗೂ ಬಿಡದೆ ಓಡುತ್ತೇವೆ, ನೋಡಿ, ಅಂತ ನಾಲ್ಕು ಸಾಲು ಹೇಳಬೇಕು. ಅದಕ್ಕೆ ನನ್ನ ಮಗಳನ್ನು ಆರಿಸಿದ್ದರು. ಸೇರಿದ ಮೊದಲ ವರ್ಷವೆಲ್ಲ ಅಲ್ಲಿ ತುಟಿ ಬಿಚ್ಚದೆ, ಮೂತ್ರಕ್ಕೆ ಹೋಗಬೇಕು ಎನ್ನಲೂ ಹೆದರಿ ಬಟ್ಟೆ ಒದ್ದೆ ಮಾಡಿಕೊಂಡು ಬರುತ್ತಿದ್ದ ಮಗು ಅದು. ಈಗ ಸ್ನಾನದ ಮನೆಯಲ್ಲಿ ಮಗ್ಗನ್ನು ಮೈಕಿನಂತೆ ಹಿಡಿದು ದಿನಾ ಕೂಗುತ್ತಿತ್ತು. ಒಂದು ಮಗುವಿಗೆ ಒಬ್ಬರೇ ದೊಡ್ಡವರು ಬರಬಹುದು ಎಂಬ ನಿಯಮವಿದ್ದುದರಿಂದ, ಯಾರು ಹೋಗುವುದು ಎಂದು ನಾನೂ ನನ್ನ ಗಂಡನೂ ಎರಡು ದಿನ ಜಗಳವಾಡಿ, ನಾನು ಗೆದ್ದಿದ್ದೆ.

ಆಟೋಟಕ್ಕೆ ಇನ್ನು ಹತ್ತು ದಿನ. ಮಧ್ಯಾಹ್ನ ಮಗಳನ್ನು ಕರೆತರಲು ಹೋದಾಗ ಶಿಶುವಿಹಾರದ ಮುಖ್ಯಸ್ಥೆ ನನ್ನನ್ನು ಒಳಗೆ ಕರೆದರು. ಕಿಟಕಿಗಳೆಲ್ಲ ತೆರೆದಿದ್ದವು, ನನ್ನ ಕುರ್ಚಿ ಅವರಿಂದ ಎರಡು ಮಾರು ದೂರ. ಅವರು ಮೆಲ್ಲಗೆ, ಬಹಳ ಮರ್ಯಾದೆಯಿಂದ ಏನೋ ಹೇಳತೊಡಗಿದರು. 'ಇಂಡಿಯಾ' ಅನ್ನುವುದೊಂದು ಗೊತ್ತಾಯಿತು. ಎಂದಿನಂತೆ ಗೆಳತಿಗೆ ಫೋನ್ ಮಾಡಿ ಸ್ಪೀಕರಿಗೆ ಹಾಕಿದೆ. ಮಗಳು ನನ್ನ ಪಕ್ಕದಲ್ಲೇ ಕೂತು ಟೋಪಿಯ ಎಲಾಸ್ಟಿಕ್ ಜಗಿಯುತ್ತಿದ್ದಳು.

ಇಬ್ಬರೂ ಜಪಾನೀಸಿನಲ್ಲಿ ಸ್ವಲ್ಪ ಹೊತ್ತು ಮಾತಾಡಿದರು. ಆಮೇಲೆ ಗೆಳತಿ ಕನ್ನಡದಲ್ಲಿ, "ಏನಿಲ್ಲ ಕಣೇ, ಈ ಹೊಸ ವೈರಸ್ ಅಂತ ಪೇರೆಂಟ್ಸೆಲ್ಲಾ ಹೆದರ್ಕೊಂಡಿದಾರಂತೆ. ಅದಕ್ಕೆ ಫಾರಿನ್ ಮಕ್ಕಳೆಲ್ಲಾ ಎರಡು ವಾರ ಮನೇಲೇ ಇರ್ಲಿ ಅಂತಾರೆ. ನಮ್ಮವನಿಗೂ ಅಷ್ಟೇ. ವಾದ ಮಾಡ್ಬೇಡ, ಹಾಯ್ ಅಂದು ಬಂದ್ಬಿಡು" ಎಂದಳು.

"ಎರಡು ವಾರ ಅಂದ್ರೆ ಆಟೋಟ ಹೋಯ್ತಲ್ಲೇ. ಒಂದು ಸಲ ಕೇಳು, ಆ ದಿನ ಮಾತ್ರ ಬರ್ಬಹುದಾ ಅಂತ."

ಅವಳು ಏನೋ ಕೇಳಿದಳು. ಮುಖ್ಯಸ್ಥೆ ತಲೆ ಬಗ್ಗಿಸಿ ಏನೋ ಹೇಳಿದರು. "ಆಗಲ್ವಂತೆ" ಎಂದಳು. ಇಲ್ಲಿಯ ಮಾತಿನಲ್ಲಿ ಹಾಯ್ ಅಂದರೆ ಹೌದು, ಒಪ್ಪಿದೆ. ನಾನು ಎದ್ದು ನಿಂತು ಹಾಯ್ ಎಂದೆ, ಸೊಂಟ ಬಗ್ಗಿಸಿ ನಮಸ್ಕಾರವನ್ನೂ ಮಾಡಿದೆ. ಅಷ್ಟು ದೊಡ್ಡ ದಡ್ಡಿ ನಾನು.

ಮನೆಯ ದಾರಿಯಲ್ಲಿ ಮಗಳು ತಲೆ ತಗ್ಗಿಸಿ ಕಲ್ಲು ಒದೆಯುತ್ತ ನಡೆದಳು. ಆಟ ತಪ್ಪಿತೆಂಬ ದುಃಖ ಎಂದುಕೊಂಡೆ. ರೈಲ್ವೆ ಗೇಟು ಬಿದ್ದಿತ್ತು, ನಿಂತೆವು. ಆಗ ಕೈ ಬಿಡಿಸಿಕೊಂಡು ಕೇಳಿದಳು: "ಮಮ್ಮೀ, ವೈ ಡಿಡ್ ಯು ಗೋ ಟು ಇಂಡಿಯಾ? ನನ್ನ ಬಿಟ್ಟು ಯಾಕೆ ಹೋದೆ?"

"ನಾನೆಲ್ಲಿ ಹೋದೆ ಪುಟ್ಟಾ?"

"ಆಂಟಿ ಫೋನಲ್ಲಿ ಟೀಚರ್‌ಗೆ ಹೇಳಿದ್ರು. ಏರ್‌ಪೋರ್ಟ್ ಕಾರ್‌ನಲ್ಲಿ ಬಂದಿದ್ದು ನೀನು ಅಂತ. ನೀನು ಅಜ್ಜಿ ನೋಡಕ್ಕೆ ಹೋಗಿದ್ದೆ, ಈಗ ಸಾರಿ ಹೇಳ್ತಿದೀಯ ಅಂತ." ಮತ್ತೆ ಕೇಳಿದಳು: "ರಾತ್ರಿ ನಾನು ಮಲಗಿದಾಗ ಹೋದ್ಯಾ?"

ರೈಲು ಹೋಯಿತು, ಗೇಟು ಎದ್ದಿತು, ಜನ ದಾಟಿದರು. ನಾವಿಬ್ಬರೂ ಈಚೆಯೇ ನಿಂತಿದ್ದೆವು.

ಮನೆಗೆ ಬಂದು ಫೋನ್ ಮಾಡಿದೆ. ಅವಳು ಮೊದಲು ಮಕ್ಕಳಿಗೆ ಏನು ಅರ್ಥವಾಗುತ್ತದೆ ಅಂದಳು. ಆಮೇಲೆ ಅತ್ತಳು. ಯಾವಳೋ ತಾಯಿ ನೋಡಿಬಿಟ್ಟಿದ್ದಳಂತೆ, ಇಂಡಿಯಾದ ಹೆಂಗಸೊಬ್ಬಳು ಏರ್‌ಪೋರ್ಟಿನ ಕಾರಿನಿಂದ ಸೂಟ್‌ಕೇಸ್ ಇಳಿಸಿದ್ದನ್ನು, ಹದಿನಾಲ್ಕು ದಿನ ಕಳೆಯುವುದರೊಳಗೆ ಅವಳೇ ಗೇಟಿನಲ್ಲಿ ನಿಂತದ್ದನ್ನು. ಯಾವ ಇಂಡಿಯಾದ ಹೆಂಗಸು ಎಂದು ಅವರಿಗೆ ಗೊತ್ತಿರಲಿಲ್ಲ. ಮುಖ್ಯಸ್ಥೆ ಕೇಳಿದ್ದು, ಅದು ನೀವಾ ಎಂದು ಮಾತ್ರ.

"ನಾನೇ ಅಂತ ಹೇಳಿದ್ರೆ ವೀಸಾ ಹೋಗುತ್ತೆ ಕಣೇ. ಸಹಿ ಹಾಕಿದೀನಿ, ಕಂಪ್ನಿಗೆ ಗೊತ್ತಾದ್ರೆ ಇವರನ್ನ ವಾಪಸ್ ಕಳಿಸ್ತಾರೆ. ನಿಂಗೇನೂ ಆಗಲ್ಲ, ನಿನ್ ಪಾಸ್‌ಪೋರ್ಟಲ್ಲಿ ಸೀಲೇ ಇಲ್ವಲ್ಲ."

"ನನ್ ಮಗಳ ಆಟ ಹೋಯ್ತಲ್ಲ."

"ಒಂದು ಆಟ ಕಣೇ. ಅವರಿಗೆ ನಾವಿಬ್ರೂ ಒಂದೇ ಅಂತ ನೀನೇ ಅಂತಿರ್ಲಿಲ್ವಾ? ನಾನೇನು ಹೊಸದಾಗಿ ಹೇಳಿದ್ದಲ್ಲ."

ಫೋನ್ ಇಟ್ಟುಬಿಟ್ಟೆ. ಬೇರೆಯವರು ತಿಳಿಯದೆ ಮಾಡುವ ತಪ್ಪಿಗೆ ಎಷ್ಟೊಂದು ಸಿಡುಕಿದ್ದೆವು ನಾವು. ಅದೇ ತಪ್ಪನ್ನು ಇವಳು ತಿಳಿದು ತಿಳಿದು ಎತ್ತಿಕೊಂಡು ನನ್ನ ತಲೆಗೆ ಕಟ್ಟಿದ್ದಳು, ಅದೂ ನನ್ನ ಎದುರಿಗೆ, ನನ್ನದೇ ಫೋನಿನಲ್ಲಿ. ನನ್ನ ಕಿವಿಯ ಮೇಲೆ ಹೂವಿಟ್ಟು, ನನ್ನ ಬಾಯಿಂದಲೇ ಹೌದು ಅನ್ನಿಸಿದ್ದಳು. ಉಂಡ ಮನೆಗೆ ಎರಡು ಬಗೆಯುವುದು ಅನ್ನುತ್ತಾರಲ್ಲ, ಹೀಗಿರುತ್ತದೆ ಅದು ಎಂದು ಆವತ್ತು ಗೊತ್ತಾಯಿತು. ಅವಳ ಮಗ ಮನೆಯಲ್ಲಿ ಕೂರುತ್ತಾನೆಂಬುದೂ ಸುಳ್ಳೇ.

ಮಾರನೆಯ ದಿನ ಪಾಸ್‌ಪೋರ್ಟನ್ನು ಬ್ಯಾಗಿಗೆ ಹಾಕಿಕೊಂಡು ಶಿಶುವಿಹಾರಕ್ಕೆ ಹೊರಟೆ. ವಿಷಯವೆಲ್ಲ ತಿಳಿದ ಗಂಡ, "ತೋರಿಸಿದ್ರೆ ಅವ್ರ ಸಂಸಾರ ಬೀದಿಗೆ ಬೀಳುತ್ತೆ. ನೋಡ್ಕೊಂಡು ಮಾಡು" ಎಂದರು. ಅವರ ಎದುರು ಕದ ಬಡಿದುಕೊಂಡು ಹೋದೆ. ಗೇಟಿನಲ್ಲಿ ಮುಖ್ಯಸ್ಥೆ ಹೊರಗೇ ಬಂದು ದೂರದಲ್ಲಿ ನಿಂತು ಬಗ್ಗಿದರು. ಬ್ಯಾಗಿನೊಳಗೆ ಪಾಸ್‌ಪೋರ್ಟ್ ಬೆರಳಿಗೆ ಸಿಕ್ಕಿತು. ಪುಟ ತಿರುಗಿಸಿ ತೋರಿಸಿದರೆ ಸಾಕು, ಒಂದು ಪದ ಜಪಾನೀಸೂ ಬೇಕಿರಲಿಲ್ಲ. ಅಂಗಳದಲ್ಲಿ ಮಕ್ಕಳು ಸಾಲಾಗಿ ನಿಂತು ಅಭ್ಯಾಸ ಮಾಡುತ್ತಿದ್ದರು, ಅವಳ ಮಗ ನನ್ನನ್ನು ಕಂಡು ಕೈ ಬೀಸಿದ.

ನಾನೇನು ದೊಡ್ಡ ಮನಸ್ಸಿನವಳಲ್ಲ. ಅಮ್ಮನಿಗಾಗಿ ಅವಳು ಬಿಸಿಲಲ್ಲಿ ನಿಂತ ಮೂರು ಗಂಟೆ ಅಡ್ಡ ಬಂತು. ಜೊತೆಗೆ, ಎಂಟನೆಯ ದಿನ ಅವಳು ನಿಮ್ಮ ಮನೆಗೆ ಬಂದಿದ್ದಳಾ ಎಂದು ಇವರು ಕೇಳಿದರೆ ಏನು ಹೇಳಲಿ ಎಂಬ ಭಯವೂ ಇತ್ತು. ಇವೆರಡರಲ್ಲಿ ಯಾವುದು ಹೆಚ್ಚಿತ್ತೆಂದು ಈಗಲೂ ಆಣೆ ಮಾಡಿ ಹೇಳಲಾರೆ. ಸುಮಿಮಾಸೆನ್ ಎಂದಷ್ಟೇ ಹೇಳಿ ತಿರುಗಿ ಬಂದುಬಿಟ್ಟೆ.

ಮಗಳನ್ನು ಕೂರಿಸಿಕೊಂಡು ಹೇಳಿದೆ: "ನಾನು ಎಲ್ಲೂ ಹೋಗಿಲ್ಲ ಪುಟ್ಟಾ. ಆದ್ರೆ ಸ್ಕೂಲಲ್ಲಿ ಯಾರಾದ್ರೂ ಕೇಳಿದ್ರೆ ಹೌದು ಅಂದ್ಬಿಡು. ಇಲ್ದಿದ್ರೆ ಆಂಟಿಗೆ ತೊಂದ್ರೆ ಆಗುತ್ತೆ." ಅವಳು, "ಈಸ್ ದಟ್ ಲೈಯಿಂಗ್?" ಎಂದಳು. ನಾನು ಸಾರಿಗೆ ಒಗ್ಗರಣೆ ಹಾಕಬೇಕೆಂದು ಎದ್ದುಹೋದೆ.

ಆಟೋಟದ ದಿನ ಬೆಳಗ್ಗೆ ನಮ್ಮ ಬಾಲ್ಕನಿಗೆ ಅವರ ಮೈಕ್ ಕೇಳುತ್ತಿತ್ತು. ಬೇರೆ ಯಾವುದೋ ಮಗು ಆ ನಾಲ್ಕು ಸಾಲು ಹೇಳಿತು. ಮಗಳು ಬಟ್ಟೆ ಒಣಹಾಕುವ ಕಂಬಿ ಹಿಡಿದು ನಿಂತು, ಕೊನೆಯವರೆಗೂ ತುಟಿ ಆಡಿಸಿದಳು. ಚಪ್ಪಾಳೆ ಕೇಳಿದ ಮೇಲೆ ಒಳಗೆ ಹೋಗಿ ಟಿವಿ ಹಾಕಿಕೊಂಡಳು. ಅಳಲಿಲ್ಲ. ಅತ್ತಿದ್ದರೆ ನನಗೆ ಸಮಾಧಾನ ಮಾಡುವ ಕೆಲಸವಾದರೂ ಸಿಗುತ್ತಿತ್ತು.

ಗೆಳತಿ ಎಂಬುವಳ ಜೊತೆ ಮಾತು ನಿಂತಿತು. ಹಿಟ್ಟಿನ ಡಬ್ಬ ನಿಂತಿತು. ಅವಳು ಎರಡು ಸಲ ಮೆಸೇಜ್ ಮಾಡಿದಳು, ನಾನು ಓದಲಿಲ್ಲ.

ಎರಡು ವಾರ ಮುಗಿದು ಮಗಳನ್ನು ಶಿಶುವಿಹಾರಕ್ಕೆ ಕರೆದೊಯ್ದೆ. ಗೇಟಿನಲ್ಲಿ ಅವಳ ಕ್ಲಾಸಿನ ಟೀಚರ್, ಒಳ್ಳೆಯ ಹುಡುಗಿ, ಮಂಡಿಯೂರಿ ಮಗಳ ಎತ್ತರಕ್ಕೆ ಕೂತು, ಅಮ್ಮ ಇಂಡಿಯಾಗೆ ಹೋದಾಗ ಬೇಜಾರಾಯಿತಾ ಎಂದು ಕೇಳಿದಳು. ಮಗಳು ಸ್ಪಷ್ಟವಾಗಿ, ಮೈಕಿನ ಮುಂದೆ ನಿಂತವಳ ಹಾಗೆ ತಡವರಿಸದೆ ಹೇಳಿದಳು: ಹೌದು, ತುಂಬಾ ಬೇಜಾರಾಯಿತು, ರಾತ್ರಿ ಅಳುತ್ತಿದ್ದೆ, ಅಪ್ಪ ಬುತ್ತಿ ಕಟ್ಟುತ್ತಿದ್ದರು, ಅಮ್ಮ ಬಂದ ದಿನ ಓಡಿಹೋಗಿ ತಬ್ಬಿಕೊಂಡೆ. ಮಕ್ಕಳಾಡುವಷ್ಟು ಜಪಾನೀಸ್, ಮಗಳ ಬಾಯಿಂದ ಕೇಳಿ ಕೇಳಿ, ನನಗೂ ಅರ್ಥವಾಗುತ್ತಿತ್ತು. ಟೀಚರ್ ಅವಳ ತಲೆ ಸವರಿ, ಜಾಣೆ ಎಂದಳು. ಮಗಳು ಕತ್ತೆತ್ತಿ, ಸರಿಯಾಗಿ ಹೇಳಿದೆನಾ ಎಂದು ನನ್ನ ಮುಖ ನೋಡಿದಳು. ನಾನು ಹೂಂ ಎಂದು ತಲೆಯಾಡಿಸಿದೆ.