ಚಪ್ಪಲಿ ಮೆಟ್ಟುವಾಗ ಬರುವ ಮಾತು

ಆಗ ನನಗೆ ಅರವತ್ತೆಂಟು. ಮೂರು ವರ್ಷದ ಹಿಂದಿನ ಸಂಗತಿ. ಒಂದು ಪ್ಯಾರಾದಲ್ಲಿ ಎಷ್ಟೇ ಸಾಲಿದ್ದರೂ ಮುಖ್ಯ ವಿಚಾರ ಒಂದೇ ಇರುತ್ತದೆ ಎಂಬುದು ಅಲ್ಲಿಯತನಕ ನನಗೆ ಗೊತ್ತಿರಲಿಲ್ಲ. ಪ್ಯಾರಾ ಎಂದರೇನು ಎಂಬುದೇ ಗೊತ್ತಿರಲಿಲ್ಲ ಅನ್ನಿ. ವಯಸ್ಕರ ಸಂಜೆ ಶಾಲೆಯಲ್ಲಿ ನಾನು ಕಲಿತದ್ದು ಹೆಸರು ಬರೆಯುವಷ್ಟು, ಬಸ್ಸಿನ ಬೋರ್ಡು ಓದುವಷ್ಟು. ಬೋರ್ಡಿನ ಮೇಲೆ ತಿಕೋಟಾ ಎಂದಿದ್ದರೆ ಬಸ್ಸು ತಿಕೋಟಾಕ್ಕೇ ಬರುತ್ತದೆ. ಅದರಲ್ಲಿ ಹುಡುಕುವುದೇನಿದೆ?

ಮೊಮ್ಮಗಳು ಸುಜಾತಾ ಆಗ ಐದನೆಯ ಇಯತ್ತೆ. ಇಳಿಜಾರಿನಲ್ಲಿ ಬಿಟ್ಟ ಟ್ರ್ಯಾಕ್ಟರಿನ ಹಾಗೆ ಓದುತ್ತಿದ್ದಳು, ತಡೆಯೇ ಇಲ್ಲ. ಆದರೆ ಓದಿದ್ದರಲ್ಲಿ ಏನಿದೆ ಎಂದು ಕೇಳಿದರೆ ಓದಿದ್ದನ್ನೆಲ್ಲ ಮೊದಲಿಂದ ಒಪ್ಪಿಸುವಳು. ನಾನೂ ಅಂಥವಳೇ. ಶ್ರಾವಣದಲ್ಲಿ ತಿಂಗಳಿಡೀ ಮಠದ ಪ್ರವಚನ ಕೇಳಿ ಬಂದು, ಸ್ವಾಮಿಗಳು ಏನು ಹೇಳಿದರು ಎಂದು ಮಗ ಕೇಳಿದರೆ, ಚಲೋ ಹೇಳಿದರು ಅನ್ನುತ್ತೇನೆ. ನನ್ನನ್ನು ಯಾರೂ ಕೆಳಗಿನ ಇಯತ್ತೆಗೆ ಹಾಕುವುದಿಲ್ಲ, ಅಷ್ಟೇ ವ್ಯತ್ಯಾಸ.

ಅವಳನ್ನು ಹಾಕುವವರಿದ್ದರು. ಸೋಮವಾರ ಪ್ಯಾರಾ ಕೊಡುತ್ತೇನೆ, ಮುಖ್ಯ ವಿಚಾರ ಒಂದೇ ಸಾಲಿನಲ್ಲಿ ಹೇಳದವರು ಇನ್ನು ಮೇಲೆ ಓದಿನ ತಾಸಿಗೆ ಮೂರನೆಯ ಇಯತ್ತೆಯಲ್ಲಿ ಕೂರಬೇಕು ಎಂದು ಶಾಲೆಯ ಅಕ್ಕೋರು ಶನಿವಾರ ಹೇಳಿ ಕಳಿಸಿದ್ದರು. ಮೂರನೆಯ ಇಯತ್ತೆಯಲ್ಲಿ ಅವಳ ತಮ್ಮನಿದ್ದ.

"ಅಕ್ಕಾ, ನನ್ನ ಬಾಜೂಕ ಜಾಗಾ ಹಿಡದಿಟ್ಟೇನಿ. ತಿಳೀಲಿಲ್ಲಂದ್ರ ನಾ ಹೇಳಿಕೊಡ್ತೇನಿ ಬಾ," ಅಂದ ಆ ಉಡಾಳ.

"ಆಯಿ, ನಾ ಇನ್ನ ಸಾಲಿಗೇ ಹೋಗಂಗಿಲ್ಲ," ಎಂದು ಹುಡುಗಿ ಪುಸ್ತಕ ಒಗೆದಳು.

ನಾನು ಗುರುವಾದೆ. ನನ್ನ ವಿದ್ಯೆ ಪುಸ್ತಕದ್ದಲ್ಲ, ನಮ್ಮ ಕಟ್ಟೆಯದು. ನಮ್ಮ ಕಡೆ ಮನೆಗೆ ಬಂದವರು ಬಂದ ಕೆಲಸವನ್ನು ಬಂದ ಕೂಡಲೇ ಹೇಳುವುದಿಲ್ಲ, ಅದು ಮರ್ಯಾದೆಯಲ್ಲ. ಮಳೆ, ದ್ರಾಕ್ಷಿ, ಎಮ್ಮೆ ಎಲ್ಲ ಮುಗಿಯಬೇಕು, ಚಹಾ ಆಗಬೇಕು. ಎದ್ದು ಚಪ್ಪಲಿ ಮೆಟ್ಟುವಾಗ "ಅಂದಂಗ..." ಎಂದು ಶುರುವಾಗುತ್ತದಲ್ಲ, ಅದೇ ಬಂದ ಕೆಲಸ. ನಮ್ಮ ಮಾವ ನಮ್ಮಪ್ಪನ ಹತ್ತಿರ ಎರಡು ತಾಸು ಜೋಳದ ಮಾತಾಡಿ, ಒಂದು ಕಾಲಿಗೆ ಚಪ್ಪಲಿ ಹಾಕಿ, "ಅಂದಂಗ, ನಿಮ್ಮ ಹುಡುಗೀನ್ನ ನಮಗ ಕೊಡ್ರಿ" ಅಂದರಂತೆ. ಇನ್ನೊಂದು ಕಾಲಿಗೆ ಹಾಕುವುದರೊಳಗೆ ನನ್ನ ಲಗ್ನ ಗಟ್ಟಿಯಾಗಿತ್ತು.

"ಕಡೀ ಸಾಲು ಹಿಡಿ. ಅದ ಮುಖ್ಯ," ಅಂದೆ.

ಅವಳ ಪುಸ್ತಕದಲ್ಲಿನ ಒಂಟೆಯ ಪ್ಯಾರಾದಲ್ಲಿ ನನ್ನ ಮಾತು ನಿಜವಾಯಿತು. ನಾನು ಸೆರಗು ಸರಿಮಾಡಿಕೊಂಡೆ. ಗುಬ್ಬಿಯ ಪ್ಯಾರಾದಲ್ಲಿ ಅದು ಮೊದಲ ಸಾಲಿನಲ್ಲಿತ್ತು. ಮೂರನೆಯದರಲ್ಲಿ ಒಬ್ಬಳು ಹಗ್ಗದ ಮೇಲಿನ ಅರಿವೆ ಎಳೆದುಕೊಳ್ಳುತ್ತಾಳೆ, ಕರುವನ್ನು ಒಳಗೆ ಕಟ್ಟುತ್ತಾಳೆ, ಒಣಗಿಸಿದ ಸೆಗಣಿಯ ಕುಳ್ಳಿಗೆ ತಾಡಪತ್ರಿ ಮುಚ್ಚುತ್ತಾಳೆ. ಮುಗಿಯಿತು. ಮುಖ್ಯ ವಿಚಾರ ಮೊದಲಿಲ್ಲ, ಕಡೆಗಿಲ್ಲ, ನಡುವೆಯೂ ಇಲ್ಲ.

"ಬರದಾಂವ ಮರತಿರಬೇಕು," ಅಂದೆ. ಹುಡುಗಿ ಅಳತೊಡಗಿದಳು.

ರವಿವಾರ ಮಧ್ಯಾಹ್ನ ಸಾರವಾಡದಿಂದ ನನ್ನ ನಾದಿನಿ ಗಂಗವ್ವ ಬಂದಳು. ನಾನು ಮನೂಕಿ, ಅಂದರೆ ಒಣದ್ರಾಕ್ಷಿಯ ಕಡ್ಡಿ ಬಿಡಿಸುತ್ತ ಕೂತಿದ್ದೆ. ಅವಳೂ ಕೈ ಹಾಕಿದಳು. ಸುಜಾತಾ ಮೂಲೆಯಲ್ಲಿ ಪುಸ್ತಕ ಹಿಡಿದು ಮೂಗು ಒರೆಸಿಕೊಳ್ಳುತ್ತಿದ್ದಳು.

ಗಂಗವ್ವನ ಮಾತು ಎಂದಿನಂತೆ ಊರೆಲ್ಲ ಸುತ್ತಿತು. "ಸೊಸಿ ನನ್ನ ಕೈಯಾಗಿನ ಮರಾನ ಕಸ್ಕೊಂಡ್ಲು ವೈನಿ, ಜ್ವಾಳದಾಗ ಹಳ್ಳು ಉಳೀತಾವಂತ." ನಕ್ಕೆ. "ಬಬಲೇಶ್ವರಕ್ಕಂತ ಹೋಗಿ ವಿಜಾಪುರದ ಬಸ್ ಹತ್ತೀನಿ ನೋಡ್ರಿ, ಕಂಡಕ್ಟರ್ ಬೈದ." ಇನ್ನೂ ನಕ್ಕೆ. "ನಿಮ್ಮ ಕಣ್ಣಿನ ಪೊರಿ ತಗಿಯೂ ಮುಂದ ಒಳಗ ಯಾರರ ಬಾಜೂಕ ಇದ್ರೇನು?" ಎಂದಳು. ಸಿಕ್ಕಿತಲ್ಲ ಅವಕಾಶ! ನನ್ನ ಆಪರೇಶನ್ನಿನ ಕತೆಯನ್ನು ಡಾಕ್ಟರನ ಮೀಸೆ ಸಹಿತ ವರ್ಣಿಸಿದೆ. ಪಾಪ, ಪೂರ್ತಿ ಕೇಳಿದಳು.

ಎದ್ದಳು. ಈಗ ಬರುತ್ತದೆ ಎಂದು ಕಿವಿ ಚುರುಕು ಮಾಡಿದೆ. ಒಂದು ಕಾಲಿಗೆ ತನ್ನದು, ಒಂದು ಕಾಲಿಗೆ ನನ್ನದು ಚಪ್ಪಲಿ ಮೆಟ್ಟಿದಳು. ಅದಕ್ಕೂ ನಕ್ಕು ಬಿಡಿಸಿಕೊಟ್ಟೆ. "ಬರ್ತೇನ್ರಿ ವೈನಿ" ಎಂದವಳು ಹೊರಟೇ ಹೋದಳು.

"ಏನೂ ಕೆಲಸಿಲ್ಲ, ಸುಮ್ನ ಬಂದಿದ್ಲು," ಅಂದೆ.

"ಸುಮ್ನ ಬಂದಿಲ್ಲ ಆಯಿ. ಗಂಗಮ್ಮಾಯಿಗೆ ಕಣ್ಣ ಕಾಣಂಗಿಲ್ಲ. ದವಾಖಾನಿಗೆ ನೀ ಜೋಡಿ ಬಾ ಅನ್ನಾಕ ಬಂದಿದ್ಲು. ಅಂಜಿಕೊಂಡು ಹೇಳಲಿಲ್ಲ."

"ಯಾವಾಗ ಹೇಳಿದ್ಲು ನಿನಗ?"

"ಹೇಳಿಲ್ಲ. ಎಲ್ಲಾ ಮಾತೂ ಅದರ ಕಡೇನ ಹೊಂಟಿದ್ವಲ್ಲ?"

ಅವಳು ಗಂಗವ್ವ ಬಿಡಿಸಿದ ಗುಡ್ಡೆಯನ್ನು ನನ್ನ ಮುಂದೆ ತಳ್ಳಿದಳು. ಮನೂಕಿಗೆ ಕಡ್ಡಿ ಹಾಗೇ ಅಂಟಿಕೊಂಡಿತ್ತು.

ನಾನು ಸುಲಭಕ್ಕೆ ಬೆರಗಾಗುವವಳಲ್ಲ. ಗೋಳಗುಮ್ಮಟದ ಒಳಗೆ ಎಲ್ಲರೂ ಕೂಗಿ ಕೂಗಿ ಕುಣಿಯುವಾಗಲೂ ನಾನು ಬುತ್ತಿ ಬಿಚ್ಚಿ ಊಟ ಮಾಡಿದವಳು. ಆದರೆ ಒಂದು ಮಾತು ಯಾರ ಬಾಯಿಂದಲೂ ಬರದೆ, ಹತ್ತು ಮಾತುಗಳ ನಡುವೆ ಹೀಗೆ ಕೂತಿರಬಹುದೇ? ಕೂತಿದ್ದನ್ನು ಇಷ್ಟುದ್ದದ ಹುಡುಗಿ ಕೈ ಹಾಕಿ ಎತ್ತಬಹುದೇ? ಎರಡು ತಾಸು ಎದುರಿಗೆ ಕೂತವಳು ನಾನು. ಪೊರೆ ತೆಗೆಸಿಕೊಂಡ ಕಣ್ಣೂ ನನ್ನದೇ. ಇಷ್ಟು ವರ್ಷದಲ್ಲಿ ನಮ್ಮ ಕಟ್ಟೆಯಿಂದ ಇನ್ನೆಷ್ಟು ಜನ ಹೀಗೆ ಹೇಳದೆ ಎದ್ದು ಹೋದರೋ!

ಅಷ್ಟರಲ್ಲಿ ಸುಜಾತಾ ಅದೇ ಪುಸ್ತಕ ತೆಗೆದಿದ್ದಳು. ಅರಿವೆ, ಕರು, ಕುಳ್ಳು ಎಂದು ಬೆರಳು ಮಡಿಚುತ್ತ ಹೋದವಳು ಒಮ್ಮೆಲೇ ಚೀರಿದಳು:

"ಮಳಿ! ಆಯಿ, ಮಳಿ ಬರೂದೈತಿ!"

ಬರೆದವನು ಮರೆತಿರಲಿಲ್ಲ. ಮಳೆ ಎಂಬ ಅಕ್ಷರ ಒಂದೂ ಇಲ್ಲದ ಆ ಪುಟವನ್ನು ನಾನು ಬಹಳ ಹೊತ್ತು ನೋಡುತ್ತ ಕೂತೆ. ಸೋಮವಾರ ಅವಳು ತಮ್ಮನ ಪಕ್ಕ ಕೂರಲಿಲ್ಲ. ಅವನಿಗೇ ಸ್ವಲ್ಪ ಬೇಜಾರಾಯಿತು.

ಅದನ್ನು ನಾನು ಕೇಳಿದ್ದು ಸಂಜೆ, ಮನೆಗೆ ಬಂದ ಮೇಲೆ. ಯಾಕೆಂದರೆ ಆ ಸೋಮವಾರ ಬೆಳಿಗ್ಗೆ ಮಕ್ಕಳು ಏಳುವ ಮೊದಲೇ ನಾನು ವಿಜಯಪುರಕ್ಕೆ ಹೋಗಿ, ಅಲ್ಲಿಂದ ಸಾರವಾಡದ ಬಸ್ಸು ಹಿಡಿದಿದ್ದೆ. ಗಂಗವ್ವ ಒಗೆದ ಸೀರೆ ಉಟ್ಟು, ಕೈಚೀಲ ತೊಡೆಯ ಮೇಲಿಟ್ಟುಕೊಂಡು ಅಂಗಳದಲ್ಲಿ ಕೂತಿದ್ದಳು. ಕೆಮ್ಮಿದೆ. ನನ್ನ ಕೆಮ್ಮಿನ ಕಡೆ ಮುಖ ತಿರುಗಿಸಿ ಅಂದಳು:

"ಎಷ್ಟ ತಡಾ ಮಾಡಿದ್ರಿ ವೈನಿ!"

ಕೈ ಹಿಡಿದು ಎಬ್ಬಿಸಿದೆ.