ಉಗುರುದ್ದದ ಚಿಲಕ

ಸ್ಟುಡಿಯೋದಲ್ಲಿ ಅವಳಿಗೆ ಎದುರಿಗೆ 'ಅಕ್ಕ' ಎಂದು ಹೆಸರು, ಬೆನ್ನ ಹಿಂದೆ 'ಪಟಾಕಿ' ಎಂದು. ಎರಡೂ ಅವಳಿಗೆ ಗೊತ್ತು. ಸಿಟ್ಟು ಮೂಗಿನ ತುದಿಯಲ್ಲಿ ಎನ್ನುತ್ತಾರಲ್ಲ, ಅವಳದು ಅಷ್ಟು ದೂರ ಹೋಗಿ ಕೂರುವಂಥದ್ದಲ್ಲ, ನಾಲಿಗೆಯ ಮೇಲೇ ಕಾದಿರುತ್ತಿತ್ತು. ಅಂಟಿನ ಡಬ್ಬಿಗೆ ಮುಚ್ಚಳ ಹಾಕದೆ ಎದ್ದುಹೋದವರು, ಬಟ್ಟೆಯ ಕತ್ತರಿಯಲ್ಲಿ ಕಾಗದ ಕತ್ತರಿಸಿದವರು, 'ಎಷ್ಟು ಮುದ್ದಾಗಿದೆ!' ಎಂದು ಇನ್ನೂ ಒಣಗದ ಬೊಂಬೆಯ ಕೆನ್ನೆ ಮುಟ್ಟಿದವರು, ಯಾರೂ ಬೈಸಿಕೊಳ್ಳದೆ ಉಳಿದಿಲ್ಲ. ಬೈದಾದ ಮೇಲೆ ಮರೆತೂ ಬಿಡುತ್ತಿದ್ದಳು ಎಂದು ಬರೆದರೆ ಚೆನ್ನಾಗಿರುತ್ತಿತ್ತು. ಇಲ್ಲ, ಮರೆಯುತ್ತಿರಲಿಲ್ಲ. ಮರೆಯದಿರುವುದೇ ಅವಳ ಕಸುಬು.

ಹುಡುಗಿಯಾಗಿದ್ದಾಗ ಬಟ್ಟೆ ಅಂಗಡಿಯ ಗಾಜಿನ ಹಿಂದೆ ನಿಲ್ಲುವ ಬೊಂಬೆಗಳ ಮುರಿದ ಬೆರಳು ಸರಿಮಾಡಿಕೊಡುತ್ತಿದ್ದಳು. ಆಮೇಲೆ ಕಟ್ಟಡಗಳ ಮಾದರಿ ಮಾಡುವ ಕಚೇರಿಯೊಂದರಲ್ಲಿ ವರ್ಷಗಟ್ಟಲೆ ರಟ್ಟಿನ ಮನೆ ಕಟ್ಟಿದಳು. ಈ ಮನೆಗಳಲ್ಲಿ ಒಂದು ಕೊಳೆ ಇಲ್ಲ, ಒಂದು ಕಲೆ ಇಲ್ಲ, ಇಲ್ಲಿ ಯಾರು ಬದುಕುತ್ತಾರೆ ಎಂದು ಜಗಳ ತೆಗೆದು ಅದನ್ನೂ ಬಿಟ್ಟಳು. ಮದುವೆಯ ಮಾತು ಬಂದಾಗಲೆಲ್ಲ ಕೈಯಲ್ಲಿ ಯಾವುದೋ ಕೆಲಸ ಅರ್ಧಕ್ಕೆ ನಿಂತಿರುತ್ತಿತ್ತು. ಕೊನೆಗೆ ಅವಳನ್ನು ಹಿಡಿದು ನಿಲ್ಲಿಸಿದ್ದು ಬೊಂಬೆ ಸಿನಿಮಾ. ಬೊಂಬೆಯ ಕೈಯನ್ನು ಕೂದಲೆಳೆಯಷ್ಟು ಸರಿಸಿ ಒಂದು ಫೋಟೋ, ಮತ್ತಷ್ಟು ಸರಿಸಿ ಇನ್ನೊಂದು ಫೋಟೋ. ದಿನವಿಡೀ ಬೆನ್ನು ಬಗ್ಗಿಸಿ ದುಡಿದರೆ ತೆರೆಯ ಮೇಲೆ ಬೊಂಬೆ ಒಂದು ಲೋಟ ಎತ್ತಿ ಕೆಳಗಿಡುತ್ತದೆ, ಅಷ್ಟೆ. ಇಷ್ಟು ಸಿಡುಕಿಯಾದ ನಿನಗೆ ಈ ಕೆಲಸ ಹೇಗೆ ಒಗ್ಗಿತು ಎಂದು ಕೇಳಿದವರಿಗೆ, "ಇರೋ ತಾಳ್ಮೆಯೆಲ್ಲ ಇಲ್ಲೇ ಖರ್ಚಾಗತ್ತೆ, ನಿಮಗೆ ಎಲ್ಲಿಂದ ತರಲಿ?" ಎನ್ನುತ್ತಿದ್ದಳು.

ನಿರ್ದೇಶಕ ಅವಳ ಸ್ವಂತ ತಮ್ಮ. ಸ್ಟುಡಿಯೋಗೆಲ್ಲ ಅವನು 'ಸರ್', ಇವಳಿಗೆ ಮಾತ್ರ ತಲೆ ನರೆತ ಮೇಲೂ 'ಪುಟ್ಟ'. ಅವನ ಹೊಸ ಚಿತ್ರದಲ್ಲಿ ಇದ್ದವರು ಇಬ್ಬರೇ, ಒಬ್ಬಳು ತಾಯಿ, ಒಬ್ಬ ಚಿಕ್ಕ ಮಗ. ಬಾಗಿಲು ಮುಚ್ಚಿದ ಅಡುಗೆಮನೆಯಲ್ಲಿ ತಾಯಿ ಕಥೆ ಹೇಳುತ್ತಾಳೆ. ಸೌಟು, ಜರಡಿ, ಬಟ್ಟಲುಗಳೆಲ್ಲ ಜೀವ ಬಂದು ಕುಣಿಯುತ್ತವೆ.

"ಇದು ನಮ್ಮಮ್ಮನ ಕಥೆ ಅಕ್ಕ. ಆ ಹಳೇ ಬಾಡಿಗೆ ಮನೆಯ ಅಡುಗೆಮನೆ. ನನಗೆ ಗೊತ್ತಿರೋ ಸ್ವರ್ಗ ಅಂದ್ರೆ ಅದೊಂದೇ," ಎಂದಿದ್ದ.

ಆ ಮನೆಯಲ್ಲಿ ಮಗಳೊಬ್ಬಳು ಇರಲಿಲ್ಲವೇ ಎಂದು ಅವಳು ಕೇಳಲಿಲ್ಲ. ಅವನಿಗೆ ತಾನಾಗಿ ಹೊಳೆಯಲೂ ಇಲ್ಲ. ಮೊದಲ ಕಿಡಿ ಹತ್ತಿದ್ದು ಅಲ್ಲೇ. ಆದರೂ ಕೆಲಸ ಒಪ್ಪಿಕೊಂಡಳು, ಏಕೆಂದರೆ ಆ ಅಡುಗೆಮನೆಯನ್ನು ಬೇರೆ ಯಾರೋ ಕಟ್ಟುವುದನ್ನು ನೋಡಿಕೊಂಡು ಕೂರುವುದು ಅವಳಿಂದ ಆಗುತ್ತಿರಲಿಲ್ಲ. ಆ ಮನೆಯನ್ನು ಕೆಡವಿ ಎಷ್ಟೋ ವರ್ಷವಾಗಿತ್ತು. ಒಂದು ಫೋಟೋ ಕೂಡ ಇರಲಿಲ್ಲ. ಇದ್ದದ್ದು ಅವಳ ತಲೆಯೊಳಗೆ ಮಾತ್ರ.

ಕಟ್ಟಿದಳು. ತಾಯಿ ಬೊಂಬೆ ಗೇಣುದ್ದ. ಒಳಗೆ ಹೊಸೆದ ಅಲ್ಯೂಮಿನಿಯಂ ತಂತಿಯ ಎಲುಬು, ಅದರ ಮೇಲೆ ಸ್ಪಂಜು, ಮೇಲೆ ತೆಳ್ಳನೆಯ ರಬ್ಬರಿನ ಚರ್ಮ. ಬಾಯಿಗಳು ಬೇರೆ, ಒಂದು ಡಬ್ಬಿ ತುಂಬ. ಮುಚ್ಚಿದ ಬಾಯಿ, ಅರೆತೆರೆದ ಬಾಯಿ, ನಗುವ ಬಾಯಿ, ಬೇಕಾದ್ದನ್ನು ಎತ್ತಿ ಮೇಣದಲ್ಲಿ ಅಂಟಿಸಬೇಕು. ಮಾತ್ರೆಯ ಹಾಳೆಯಿಂದ ತಟ್ಟೆಗಳು ಬಂದವು, ಪೆನ್ನಿನ ಕಡ್ಡಿಯ ತುದಿಯಿಂದ ನಲ್ಲಿ ಬಂತು, ಸ್ಟೌ ಮೇಲಿನ ಗೋಡೆಗೆ ಮೇಣದಬತ್ತಿಯ ಮಸಿ ಹತ್ತಿತು. ಅವಳದೊಂದು ಪದ್ಧತಿಯಿತ್ತು. ಅಳತೆಪಟ್ಟಿ ಆಮೇಲೆ, ಮೊದಲು ಮೈ. ಕಣ್ಣು ಮುಚ್ಚಿ ನಿಂತು, ಆಗ ಈ ಶೆಲ್ಫು ನನಗೆ ಎಲ್ಲಿಗೆ ಬರುತ್ತಿತ್ತು, ಗಲ್ಲಕ್ಕೋ ಎದೆಗೋ ಎಂದು ಕೈಯಿಟ್ಟು ನೋಡಿಕೊಂಡು, ಆಮೇಲೆ ಲೆಕ್ಕ ಹಾಕಿ ಚಿಕ್ಕದು ಮಾಡುತ್ತಿದ್ದಳು. ಬಾಗಿಲಿನ ಸರದಿ ಬಂದಾಗ ಕೈ ತಲೆಯ ಮೇಲಕ್ಕೆ ಹೋಯಿತು, ತುದಿಗಾಲಲ್ಲಿ ನಿಂತರೂ ಇನ್ನೂ ಮೇಲಕ್ಕೆ ಚಾಚಿತು. ಅಲ್ಲಿ, ಬಾಗಿಲಿನ ಹೊರಮೈಗೆ, ತಗಡಿನಲ್ಲಿ ಮಾಡಿದ ಉಗುರುದ್ದದ ಚಿಲಕವನ್ನು ಪುಟಾಣಿ ಮೊಳೆ ಹೊಡೆದು ಕೂರಿಸಿದಳು. ಎಳೆದರೆ ಜಾರುವ, ತಳ್ಳಿದರೆ ಕೂರುವ ನಿಜವಾದ ಚಿಲಕ.

ತಮ್ಮ ನೋಡಿ ನಕ್ಕುಬಿಟ್ಟ. "ಅಯ್ಯೋ ಅಕ್ಕ, ನೀನೂ ತಪ್ಪು ಮಾಡ್ತೀಯಾ? ಚಿಲಕ ಆಚೆ ಕಡೆ ಬಂದಿದೆ ನೋಡು."

"ಆಚೆ ಕಡೆಯೇ ಇದ್ದಿದ್ದು."

"ಅಮ್ಮ ಚಿಲಕ ಹಾಕಿ ನನ್ನ ಕಡೆ ತಿರುಗಿ ಕಣ್ಣು ಮಿಟುಕಿಸ್ತಾಳೆ. ಚಿತ್ರ ಶುರುವಾಗೋದೇ ಅಲ್ಲಿಂದ. ಒಳಗಡೆ ಹಾಕು."

"ಅವಳು ಹಾಕ್ತಿರಲಿಲ್ಲ ಕಣೋ, ಅಪ್ಪ ಹಾಕ್ತಿದ್ದ! ಸಿಟ್ಟು ಬಂದಾಗಲೆಲ್ಲ ಅಮ್ಮನ್ನ ಒಳಗೆ ತಳ್ಳಿ, ಆಚೆಯಿಂದ ಚಿಲಕ ಜಡಿದು ಕೆಲಸಕ್ಕೆ ಹೋಗ್ತಿದ್ದ. ನೀನು ಅವಳ ಸೊಂಟ ಬಿಟ್ಟು ಇಳೀತಿರಲಿಲ್ಲ, ಅದಕ್ಕೆ ನೀನೂ ಒಳಗೆ."

ತಮ್ಮನ ಮುಖದ ನಗು ಇಳಿಯಿತು. "ಅಪ್ಪ ಸ್ವಲ್ಪ ಮುಂಗೋಪಿ ಇದ್ರು, ಒಪ್ತೀನಿ. ಅಷ್ಟಕ್ಕೆ ಇಲ್ಲದ್ದೆಲ್ಲ ಕಟ್ಟಬೇಡ. ಅಮ್ಮ ಒಂದು ದಿನಾನೂ ಹೀಗಂತ ಹೇಳಿಲ್ಲ. ನೀನು ಎಲ್ಲದರಲ್ಲೂ ಹುಳುಕೇ ಹುಡುಕ್ತೀಯ."

ಅವಳ ಮೈಯೆಲ್ಲ ಉರಿದುಹೋಯಿತು. ಇಲ್ಲದ್ದು! ಆ ಬಾಗಿಲಿಗೆ ಬೆನ್ನು ಕೊಟ್ಟು ಎಷ್ಟು ಮಧ್ಯಾಹ್ನ ಕೂತಿದ್ದಾಳೆ ಅವಳು. ಒಳಗಿನಿಂದ ಅಮ್ಮನ ದನಿ ಮರದ ಹಲಗೆ ದಾಟಿ ಮಬ್ಬಾಗಿ ಬರುತ್ತಿತ್ತು. ಸೌಟಿನ ರಾಜ, ಜರಡಿಯ ರಾಣಿ, ಇವನು ಈಗ ಸಿನಿಮಾ ಮಾಡಲು ಹೊರಟ ಕಥೆಗಳೆಲ್ಲ ಅವಳಿಗೂ ಬಾಯಿಪಾಠ. ಒಮ್ಮೆ ಬಚ್ಚಲಿನ ಬಕೆಟ್ಟು ತಂದು ಮಗುಚಿ ಹಾಕಿ, ಹತ್ತಿ ನಿಂತು, ಎರಡೂ ಕೈಯಲ್ಲಿ ಎಳೆದಿದ್ದಳು. ಚಿಲಕ ಬಿಗಿಯಾಗಿತ್ತು. ಅಲುಗಾಡಿಸುತ್ತಿರುವಾಗಲೇ ಅಪ್ಪ ಮರಳಿ ಬಂದ. ಅಂದು ಬಿದ್ದ ಏಟು ಹೋಗಲಿ. ಮುಂದಿನ ಸಲ ಅಪ್ಪ ಬಕೆಟ್ಟನ್ನೂ ಅಡುಗೆಮನೆಯೊಳಗಿಟ್ಟು ಚಿಲಕ ಹಾಕಿದ್ದ. ಅವಳು ಇವತ್ತಿಗೂ ಕ್ಷಮಿಸದೆ ಇಟ್ಟುಕೊಂಡಿರುವುದು ಆ ಬಕೆಟ್ಟನ್ನು.

"ನಾನು ಒಳಗಡೆ ಹಾಕಲ್ಲ," ಎಂದು ಹೇಳಿ, ಪಾತ್ರೆಗಳ ಕೆಲಸವಿದ್ದ ಹಿಂದಿನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಅಲ್ಲಿಗೆ ಮಾತು ಮುಗಿಯಿತೆಂದು ತಿಳಿದಳು. ಕೆಲವು ದಿನ ಬಿಟ್ಟು, ಕುಣಿಯುವ ಜರಡಿಯನ್ನು ಕೊಡಲು ಸೆಟ್ಟಿಗೆ ಬಂದರೆ ಅಲ್ಲಿ ಚಿತ್ರೀಕರಣ ಶುರುವಾಗಿದೆ. ತಾಯಿ ಬೊಂಬೆ ನಗುವ ಬಾಯಿ ಅಂಟಿಸಿಕೊಂಡು ಬಾಗಿಲ ಮುಂದೆ ನಿಂತಿದೆ, ಅದರ ಕೈ ಚಿಲಕದ ಮೇಲಿದೆ. ಚಿಲಕ ಒಳಗಡೆ ಇದೆ! ತಮ್ಮ ತಾನೇ ಮೊಳೆ ಕಿತ್ತು, ಒಳಮೈಗೆ ತಂದು ಅಂಟಿಸಿದ್ದ. ಅದನ್ನಾದರೂ ನೆಟ್ಟಗೆ ಮಾಡಿದ್ದನೇ? ಅಂಟು ಸೋರಿ ಗೊಣ್ಣೆಯಂತೆ ಇಳಿದಿತ್ತು. ಹೊರಮೈಯಲ್ಲಿ ಮೊಳೆಯ ನಾಲ್ಕು ತೂತುಗಳು ಹಾಗೇ ಬಾಯಿ ತೆರೆದುಕೊಂಡಿದ್ದವು. ಕ್ಯಾಮೆರಾ ಆ ಕಡೆ ಹೋಗುವುದಿಲ್ಲವಲ್ಲ, ಮುಚ್ಚುವ ಗೋಜಿಗೂ ಅವನು ಹೋಗಿರಲಿಲ್ಲ.

ಅವಳು ಅಂದು ಕಿರುಚಿದ್ದು ಬೀದಿಯವರೆಗೆ ಕೇಳಿಸಿತು. ಕಳ್ಳ ಎಂದಳು, ಹೇಡಿ ಎಂದಳು, ಅಪ್ಪನ ಮಗ ಎಂದಳು. ಕೊನೆಯ ಮಾತಿಗೆ ತಮ್ಮನೂ ಕೆರಳಿದ. "ಮೂರು ದಿನದ ಶಾಟು ಆಗಿದೆ. ಈಗ ಒಂದು ಎಳೆ ಅಲ್ಲಾಡಿದ್ರೂ ಎಲ್ಲ ಮೊದಲಿಂದ ಮಾಡಬೇಕು. ನಾಳೆ ಅಮ್ಮನ್ನೇ ಕರ್ಕೊಂಡು ಬರ್ತೀನಿ. ಅವಳೇ ಹೇಳಲಿ ಚಿಲಕ ಎಲ್ಲಿತ್ತು ಅಂತ."

"ಬರಲಿ. ಒಳಗಿತ್ತು ಅಂತ ಅವಳು ಅಂದ್ರೆ, ಈ ಅಡುಗೆಮನೆನ ನನ್ನ ಕೈಯಾರೆ ಪುಡಿ ಮಾಡಿ ಮನೆಗೆ ಹೋಗ್ತೀನಿ. ನಿನ್ನ ಸ್ವರ್ಗನ ನೀನೇ ಕಟ್ಟಿಕೋ."

ಹೇಳುವಾಗಲೇ ತಾನು ಸೋತೆ ಎಂದು ಅವಳಿಗೆ ಗೊತ್ತಿತ್ತು. ಅಮ್ಮ ಇರುವುದು ಮಗನ ಮನೆಯಲ್ಲಿ. ಮಗ ಹಗಲನ್ನು ರಾತ್ರಿ ಎಂದರೂ ಅಮ್ಮ ದೀಪ ಹಚ್ಚುವವಳು. ಮಗಳು ಆ ದಿನಗಳ ಮಾತು ತೆಗೆದಾಗಲೆಲ್ಲ ಅಮ್ಮನ ಬಾಯಿಂದ ಬರುತ್ತಿದ್ದದ್ದು ಒಂದೇ: "ಹೋಗ್ಲಿ ಬಿಡು." ಈ ಮಾತು ಕೇಳಿ ಕೇಳಿ ಅವಳಿಗೆ ಅಪ್ಪನಿಗಿಂತ ಅಮ್ಮನ ಮೇಲೇ ಹೆಚ್ಚು ಸಿಟ್ಟು ಬಂದ ದಿನಗಳಿದ್ದವು. ಬೆಳಿಗ್ಗೆ ಬರುವಾಗ ಚೀಲದಲ್ಲಿ ಸುತ್ತಿಗೆ ಹಾಕಿಕೊಂಡೇ ಬಂದಳು.

ಅಮ್ಮ ಬಂದಳು. ಒಗೆದ ಸೀರೆ, ಕೈಯಲ್ಲಿ ಕನ್ನಡಕದ ಡಬ್ಬಿ, ಮಗನ ಆಫೀಸು ನೋಡುವ ಸಂಭ್ರಮ. ಕ್ಯಾಮೆರಾದವನು ಕುರ್ಚಿ ಹಾಕಿ, "ಅಮ್ಮಾ, ದಯವಿಟ್ಟು ಏನನ್ನೂ ಮುಟ್ಟಬೇಡಿ. ಮೇಜಿಗೆ ಸೀರೆ ತಾಗಿದ್ರೂ ಕೆಲಸ ಕೆಡುತ್ತೆ," ಎಂದ. ಅಮ್ಮ ಮಗುವಿನ ಹಾಗೆ ಕೈಕಟ್ಟಿ ಕೂತಳು. ದೀಪ ಹಾಕಿದರು. ಮಸಿಗೋಡೆ, ಸ್ಟೌ, ನಲ್ಲಿ, ತಟ್ಟೆಗಳ ಸಾಲು ಬೆಳಗಿದವು. ಅಮ್ಮ ಕನ್ನಡಕ ಏರಿಸಿದಳು. ಮುಖದಲ್ಲಿದ್ದ ನಗು ಮೆಲ್ಲಗೆ ಕಳಚಿಹೋಯಿತು.

"ನೋಡಮ್ಮ, ನೀನೇ ಅದು. ಚಿಲಕ ಹಾಕಿ ನಂಗೆ ಕಥೆ ಹೇಳೋಕೆ ಬರ್ತಿದ್ದೀಯ," ಎಂದ ಮಗ.

ಅಮ್ಮ ಎದ್ದಳು. "ಮುಟ್ಟಬೇಡಿ!" ಎಂದು ಕ್ಯಾಮೆರಾದವನು ಕೂಗುವಷ್ಟರಲ್ಲಿ ಅವಳ ಕೈ ಸೆಟ್ಟಿನೊಳಗೆ ಹೋಗಿತ್ತು. ಚಿಲಕದ ಸಂದಿಗೆ ಉಗುರು ಹಾಕಿ ಒಂದೇ ಸಲಕ್ಕೆ ಕಿತ್ತಳು. ಪಾದಕ್ಕೆ ತಿರುಪು ಬಿಗಿದಿದ್ದರಿಂದ ಬೊಂಬೆ ಬೀಳಲಿಲ್ಲ. ತೋಳು ಸೊಟ್ಟಗಾಗಿ, ಬರಿಗಾಳಿ ಹಿಡಿದುಕೊಂಡು, ನಗುತ್ತ ನಿಂತಿತು.

"ಅಮ್ಮಾ! ಮೂರು ದಿನದ..."

"ಚಿಲಕ ಒಳಗಡೆ ಇದ್ದಿದ್ರೆ ನಾನೇ ತೆಗೀತಿರಲಿಲ್ವೇನೋ!" ಅಮ್ಮನ ದನಿ ಇಷ್ಟು ಗಟ್ಟಿಯಾಗಬಲ್ಲದು ಎಂದು ಮಕ್ಕಳಿಬ್ಬರಿಗೂ ಗೊತ್ತಿರಲಿಲ್ಲ. "ತೆಗೆದು ನಿಮ್ಮಿಬ್ಬರನ್ನೂ ಎತ್ಕೊಂಡು ಹೊರಟುಹೋಗ್ತಿರಲಿಲ್ವಾ? ನಿಂಗೆ ಕಥೆ ಹೇಳ್ಕೊಂಡು ಅಲ್ಲಿ ಯಾಕೆ ಕೂತಿರ್ತಿದ್ದೆ? ನೀನು ಅಳ್ತಿದ್ದೆ. ಅದಕ್ಕೆ ಹೇಳ್ತಿದ್ದೆ."

ತಮ್ಮ ಗರ ಬಡಿದವನಂತೆ ನಿಂತ. ಅವನ ಮುಖ ನೋಡಿ ಅಕ್ಕನಿಗೆ ಸಂತೋಷವಾಗಬೇಕಿತ್ತು. ಇಷ್ಟು ವರ್ಷ ಕಾದದ್ದು ಈ ಮಾತಿಗೇ ತಾನೆ? ಸಂತೋಷ ಆಗಲಿಲ್ಲ. ಸಿಟ್ಟು ಇನ್ನೂ ಮೇಲೇರಿತು.

"ಇಷ್ಟು ದಿನ ಬಾಯಿ ಎಲ್ಲಿ ಹೋಗಿತ್ತಮ್ಮ ನಿಂದು?"

ಅಮ್ಮ ಮಗಳತ್ತ ತಿರುಗಿದಳು. ದನಿ ಮತ್ತೆ ಹಳೆಯ ದನಿಯಾಗಿತ್ತು. "ಅವನಿಗೆ ಅದೊಂದಾದ್ರೂ ಚೆನ್ನಾಗಿ ನೆನಪಿದೆಯಲ್ಲ, ಇರಲಿ ಅಂತ."

"ಮತ್ತೆ ನನಗೆ?"

ಅಮ್ಮ ಹತ್ತಿರ ಬಂದಳು. ಕಿತ್ತ ಚಿಲಕವನ್ನು ಮಗಳ ಅಂಗೈಯಲ್ಲಿಟ್ಟು, ಅವಳ ಬೆರಳುಗಳನ್ನು ತಾನೇ ಮಡಚಿದಳು.

ತಮ್ಮ ಸೆಟ್ಟಿನ ಹಿಂದಕ್ಕೆ ಹೋದ. ಬಾಗಿಲಿನ ಆಚೆ ಏನೂ ಇರಲಿಲ್ಲ. ಬಣ್ಣ ಕಾಣದ ಪ್ಲೈವುಡ್ಡು, ಆಧಾರಕ್ಕೆ ಹೊಡೆದ ಮರದ ರೀಪು, ಆ ನಾಲ್ಕು ತೂತುಗಳು. ಅವನು ಬಗ್ಗಿ ಆ ತೂತುಗಳ ಮೇಲೆ ಬೆರಳಾಡಿಸಿ, ಅಮ್ಮನನ್ನು ಕೇಳಿದ:

"ನಾವು ಒಳಗಿರೋವಾಗ ಅಕ್ಕ ಎಲ್ಲಿರ್ತಿದ್ಲು?"

"ನೀನು ಈಗ ನಿಂತಿದ್ದೀಯಲ್ಲ, ಅಲ್ಲೇ."

ಅವನು ಥಟ್ಟನೆ ಪಕ್ಕಕ್ಕೆ ಸರಿದ. ಆಮೇಲೆ, "ಈ ಕಡೇನೂ ಕಟ್ಟಬೇಕು ಅಕ್ಕ. ಇನ್ನೊಂದು ಬೊಂಬೆ ಬೇಕು," ಎಂದ.

"ಈಗ ನೆನಪಾಯ್ತಾ?" ಎಂದಳು ಅವಳು. "ಮಾಡ್ತೀನಿ. ಆದರೆ ಅದಕ್ಕೆ ನಗೋ ಬಾಯಿ ಬೇಕು ಅಂತ ಕೇಳಿದ್ಯೋ, ಸುತ್ತಿಗೆ ಚೀಲದಲ್ಲೇ ಇದೆ."

"ಕೇಳಲ್ಲ."

ಅವಳು ಮೊದಲು ಚಿಲಕವನ್ನು ಅದರ ಜಾಗದಲ್ಲಿ, ಹಳೆಯ ತೂತುಗಳಿಗೇ ಮೊಳೆ ಕೊಟ್ಟು ಕೂರಿಸಿದಳು. ಸಿಟ್ಟು ಇಳಿದಿರಲಿಲ್ಲ, ಆದರೂ ತಂತಿಯ ಸುರುಳಿ ಬಿಚ್ಚಿ, ಬಾಗಿಲ ಪಕ್ಕ ಕೂತು, ಹುಡುಗಿಯ ಕಾಲು, ಬೆನ್ನು, ಮೇಲಕ್ಕೆತ್ತಿದ ತೋಳು ಎಂದು ಬಗ್ಗಿಸುತ್ತ ಹೋದಳು. ಚಿಲಕದ ಎತ್ತರಕ್ಕೆ ಹಿಡಿದು ನೋಡಿದಳು. ತುದಿಗಾಲಲ್ಲಿ ನಿಲ್ಲಿಸಿ ಮತ್ತೊಮ್ಮೆ ನೋಡಿದಳು. ಆಮೇಲೆ, ಬೆರಳು ಚಿಲಕಕ್ಕೆ ಎಟುಕದಷ್ಟು ಅಂತರ ಬಿಟ್ಟು, ತಂತಿಯನ್ನು ಕತ್ತರಿಸಿದಳು.