ಕಿಟಕಿ ಗಾಜಿನ ನಡುಕ ಅಳೆದಾಕೆ

ಅಮೆರಿಕದ ಸುಪೀರಿಯರ್ ಸರೋವರದ ಮೇಲೆ ಈಗಷ್ಟೇ ಬೆಳಕು ಹರಿಯುತ್ತಿದೆ. ದಂಡೆಯ ಗುಡ್ಡದೂರಿನ ಒಂದು ಅಡುಗೆಮನೆಯಲ್ಲಿ ಆರ್ಲೀನ್ ಬೋಲ್ಯೂ ಫ್ರಿಜ್ಜಿನ ಪ್ಲಗ್ ಕೀಳುತ್ತಾರೆ, ಗೋಡೆ ಗಡಿಯಾರವನ್ನು ಕಂಬಳಿಯಲ್ಲಿ ಸುತ್ತಿ ಹೊರಗಿಡುತ್ತಾರೆ. ನಗರಸಭೆಯಲ್ಲಿ ಸದ್ದು ಅಳೆಯುವುದು ಅವರ ಕೆಲಸ. ಮನೆ ಬಾಯಿ ಮುಚ್ಚಿದ ಮೇಲೆಯೇ ಮೀಟರು ಚೀಲದಿಂದ ಹೊರಬರುವುದು.

"ಕಾಫಿ ಕೊಡ್ಲಾ?" ಮನೆಯೊಡತಿ ಹೆಲ್ಮಿ ಒಯಾಲ ಕೇಳುತ್ತಾರೆ.

"ಈಗ ಬೇಡಮ್ಮ, ನಾನು ಸೊರ್ ಅಂತ ಕುಡಿಯೋಳು."

ಹೆಲ್ಮಿ ರಾತ್ರಿಯಿಡೀ ಬೇಕರಿಯಲ್ಲಿ ಹಿಟ್ಟು ನಾದಿ ಹಗಲು ಮಲಗುವವರು. ಹಿಂದಿನ ಬೀದಿಗೆ ಶೀತಲಗೃಹ ಬಂದಾಗಿನಿಂದ ಕಣ್ಣಿಗೆ ಕಣ್ಣು ಹತ್ತಿಲ್ಲ. "ಗುಂಯ್ ಅನ್ನೋದು ನಿನ್ನ ತಲೇಲೇ ಅಂತಾಳೆ ಮಗಳು. ಮನೆ ಮಾರಿಬಿಡು ಅಂತಾಳೆ. ನಂಗೂ ಈಗ ನನ್ನ ತಲೇಲೇ ಏನೋ ಆಗಿದೆ ಅನ್ನಿಸ್ತಿದೆ."

ಮೊದಲು 'ಎ' ಮಾಪಕ. ನಮ್ಮ ಕಿವಿಯ ಹಾಗೆ ಇದೂ ತಗ್ಗು ಸ್ಥಾಯಿಯ ಸದ್ದನ್ನು ಅಷ್ಟಾಗಿ ಲೆಕ್ಕಕ್ಕಿಡುವುದಿಲ್ಲ. ಮೂವತ್ತೆಂಟು ಡೆಸಿಬೆಲ್, ಮಿತಿಯೊಳಗೇ ಇದೆ. ಹೆಲ್ಮಿಯ ಮುಖ ಸಪ್ಪಗಾಗುತ್ತದೆ. ಆರ್ಲೀನ್ ಮೀಟರನ್ನು 'ಸಿ' ಮಾಪಕಕ್ಕೆ ಬದಲಿಸುತ್ತಾರೆ. ತಗ್ಗು ಸದ್ದಿಗೆ ಇಲ್ಲಿ ಅಂಥ ರಿಯಾಯಿತಿಯಿಲ್ಲ: ಅರವತ್ತಾರು! ಇಷ್ಟು ಅಂತರವಿದ್ದರೆ ತಳದಲ್ಲಿ ಏನೋ ಗುಡುಗುತ್ತಿದೆ ಎಂದೇ ಅರ್ಥ.

"ನಿಮ್ಮ ತಲೇಲಿಲ್ಲ ಹೆಲ್ಮಿ. ಈ ಗಾಜು ಮುಟ್ಟಿ ನೋಡಿ."

ಗಾಜು ಸಣ್ಣಗೆ ನಡುಗುತ್ತಿದೆ. ಹೆಲ್ಮಿ ಅಳುತ್ತಾರೆ, ತನಗೇನೂ ಆಗಿಲ್ಲವೆಂಬ ಸಮಾಧಾನಕ್ಕೆ.

ಆದರೆ ಊರಿನ ಕಟ್ಟಳೆಗೆ ಗೊತ್ತಿರುವುದು 'ಎ' ಒಂದೇ, ನೋಟಿಸು ಕೊಡುವಂತಿಲ್ಲ. ಹಾಗೆಂದು ಕೈಕಟ್ಟಿ ಕೂರುವ ಜಾಯಮಾನ ಆರ್ಲೀನ್‌ದಲ್ಲ. "ನಮ್ಮಪ್ಪ ಅದಿರಿನ ಬಂದರಿನಲ್ಲಿ ದುಡಿದು ಕಿವಿ ಕಳಕೊಂಡ. ಆಗ ಅಳೆಯೋಕೆ ಯಾರೂ ಬರಲಿಲ್ಲ" ಎನ್ನುತ್ತಾರೆ. ಮರುದಿನ ಶೀತಲಗೃಹದ ಮಾಲೀಕ ಕರ್ಟ್ ಲುಂಡೀನನನ್ನು ಕರೆತಂದು ಹೆಲ್ಮಿಯ ಹಾಸಿಗೆ ತೋರಿಸುತ್ತಾರೆ.

"ಬೂಟು ಬಿಚ್ಚಿ ಮಲಕ್ಕೋ."

"ತಮಾಷೆನಾ?"

"ದಿಂಬಿಗೆ ಕಿವಿ ಇಡು ಮಾರಾಯ, ಆಮೇಲೆ ನಗು."

ಕರ್ಟ್ ತುಸು ಹೊತ್ತಿಗೇ ಎದ್ದು ಕೂರುತ್ತಾನೆ. "ದೇವರೇ, ಎದೆಯೊಳಗೇ ಬರ್ತಿದೆ! ನಮ್ಮ ಫ್ಯಾನುಗಳೇ ಇವು."

ಪುಣ್ಯಾತ್ಮ, ಹೇಳಿಸಿಕೊಳ್ಳದೆ, ನಡುಕ ನೆಲಕ್ಕಿಳಿಯದಂತೆ ಫ್ಯಾನುಗಳ ಬುಡಕ್ಕೆಲ್ಲ ಸ್ಪ್ರಿಂಗು ಹಾಕಿಸುತ್ತಾನೆ.

ಕೆಲಸ ಮುಗಿದ ಮೇಲೆ ಮತ್ತೆ ಅಳೆಯಲು ಬಂದ ಆರ್ಲೀನ್ ಬಾಗಿಲು ತಟ್ಟುತ್ತಾರೆ. ತೆಗೆಯುವವರಿಲ್ಲ. ಹೊಸ್ತಿಲಲ್ಲಿ ಅವರ ಹೆಸರು ಬರೆದಿಟ್ಟ ಏಲಕ್ಕಿ ಬ್ರೆಡ್ಡಿನ ಪೊಟ್ಟಣ. ಒಳಗಿನಿಂದ ಹೆಲ್ಮಿಯ ಗೊರಕೆ. ಇನ್ನೊಮ್ಮೆ ತಟ್ಟದೆ, ಮೀಟರನ್ನೂ ಚೀಲದಿಂದ ತೆಗೆಯದೆ, ಪೊಟ್ಟಣ ಎತ್ತಿಕೊಂಡು ಕಾರಿನತ್ತ ಮೆಲ್ಲಗೆ ನಡೆಯುತ್ತಾರೆ.

"ಎಂಜಿನ್ ಹಾಕಲ್ಲ," ಎಂದು ತಮ್ಮಷ್ಟಕ್ಕೆ ಪಿಸುಗುಡುತ್ತಾರೆ. "ಇಳಿಜಾರಲ್ವಾ, ತಿರುವಿನ ತನಕ ಹಾಗೇ ಉರುಳಿಸ್ಕೊಂಡು ಹೋಗ್ತೀನಿ."